ಬಟನ್ ಒತ್ತಿದವರು ಯಾರು? ಆರ್ಕೇಡ್ ಸ್ಟಿಕ್‌ನೊಳಗೆ ಗೇಮ್‌ಪ್ಯಾಡ್ ಸೇರಿದ ಕಥೆ

ಹೊಸ ಗೇಮ್‌ಪ್ಯಾಡ್ ಕೊಂಡು ತಂದು, ಅದರಲ್ಲಿ ಒಂದು ಆಟವನ್ನೂ ಆಡದೆ, ಸ್ಕ್ರೂ ಬಿಚ್ಚಿ ಒಳಗಿನ ಸರ್ಕೀಟ್ ಬೋರ್ಡನ್ನಷ್ಟೇ ಇಟ್ಟುಕೊಳ್ಳುವ ಜನರಿದ್ದಾರೆ. ಆ ಬೋರ್ಡಿಗೆ ತೆಳ್ಳನೆಯ ತಂತಿಗಳನ್ನು ಬೆಸೆದು, ಅವುಗಳ ಇನ್ನೊಂದು ತುದಿಯನ್ನು ಮರದ ಪೆಟ್ಟಿಗೆಯ ಮೇಲೆ ಕೂರಿಸಿದ ದೊಡ್ಡ ಬಟನ್‌ಗಳಿಗೂ ಲಿವರ್‌ಗೂ ಜೋಡಿಸುತ್ತಾರೆ. ಆ ಪೆಟ್ಟಿಗೆಯೇ ಆರ್ಕೇಡ್ ಸ್ಟಿಕ್. ಈ ಕೆಲಸಕ್ಕೆ ‘ಪ್ಯಾಡ್ ಹ್ಯಾಕಿಂಗ್’ ಎಂಬ ಹೆಸರೇ ನಿಂತುಬಿಟ್ಟಿದೆ. ಬಟನ್ ಒತ್ತುವುದೆಂದರೆ ಎರಡು ಲೋಹದ ತುಣುಕುಗಳು ಒಂದನ್ನೊಂದು ಮುಟ್ಟುವುದು, ಅಷ್ಟೇ. ಅಷ್ಟಕ್ಕಾಗಿ ಇಡೀ ಗೇಮ್‌ಪ್ಯಾಡನ್ನು ಏಕೆ ಬಲಿ ಕೊಡಬೇಕು?

ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಕಾಲದಲ್ಲಿ ಅದರ ಅಗತ್ಯವೇ ಇರಲಿಲ್ಲ. 1991ರಲ್ಲಿ ಜಪಾನಿನ ಕ್ಯಾಪ್‌ಕಾಮ್ ‘ಸ್ಟ್ರೀಟ್ ಫೈಟರ್ 2’ ಎಂಬ ಹೊಡೆದಾಟದ ಆಟವನ್ನು ಹೊರತಂದಾಗ ಆಟಗಾರನ ಮುಂದೆ ಇದ್ದದ್ದು ಒಂದು ಲಿವರ್ ಮತ್ತು ಆರು ಬಟನ್‌ಗಳು: ಮೂರು ಗುದ್ದಿಗೆ, ಮೂರು ಒದೆತಕ್ಕೆ. ಲಿವರನ್ನು ಕೆಳಗೆ, ಅಲ್ಲಿಂದ ಓರೆಯಾಗಿ, ಮತ್ತೆ ಎದುರಾಳಿಯತ್ತ ಒಂದೇ ಓಟದಲ್ಲಿ ಸುತ್ತಿಸಿ ಗುದ್ದಿನ ಬಟನ್ ಒತ್ತಿದರೆ ಕೈಯಿಂದ ಬೆಂಕಿಯ ಉಂಡೆ ಹೊರಡುತ್ತದೆ. ಇದನ್ನು ಹೆಬ್ಬೆರಳಲ್ಲ, ಮಣಿಕಟ್ಟು ಕಲಿಯುತ್ತದೆ. ಕಲಿತ ಕೈ ಅದನ್ನು ಮರೆಯುವುದೂ ಇಲ್ಲ. ಲಿವರ್‌ನ ಬುಡದಲ್ಲಿ ನಾಲ್ಕು ಮೈಕ್ರೋಸ್ವಿಚ್‌ಗಳು, ಪ್ರತಿ ಬಟನ್ ಕೆಳಗೆ ಒಂದೊಂದು ಸ್ವಿಚ್, ಪ್ರತಿ ಸ್ವಿಚ್ಚಿನಿಂದಲೂ ಯಂತ್ರದ ಮುಖ್ಯ ಬೋರ್ಡಿಗೆ ನೇರವಾಗಿ ಒಂದು ತಂತಿ. ಒತ್ತದೆ ಇರುವಾಗ ಆ ತಂತಿಯಲ್ಲಿ 5 ವೋಲ್ಟ್ ಇರುತ್ತದೆ, ಒತ್ತಿದಾಗ ಅದು ಗ್ರೌಂಡಿಗೆ, ಅಂದರೆ ಸರ್ಕೀಟಿನ ಸೊನ್ನೆ ವೋಲ್ಟಿನ ತಂತಿಗೆ, ತಗುಲಿ ಸೊನ್ನೆಗೆ ಇಳಿಯುತ್ತದೆ. ಜಪಾನಿನ ಆರ್ಕೇಡ್ ಉದ್ಯಮವು 1985ರಲ್ಲೇ ‘ಜಾಮಾ’ ಎಂಬ 56 ಪಿನ್‌ಗಳ ಸಾಮಾನ್ಯ ಜೋಡಣೆಯನ್ನು ಒಪ್ಪಿಕೊಂಡಿತ್ತು. ಆರು ಬಟನ್‌ಗಳಿಗೆ ಅದು ಸಾಲದೆ ಬಂದಾಗ ಒದೆತದ ಬಟನ್‌ಗಳಿಗೆಂದು ಪ್ರತ್ಯೇಕ ತಂತಿಗೊಂಚಲು ಹಾಕಿದರು. ಎಲ್ಲವೂ ಕಣ್ಣಿಗೆ ಕಾಣುವ ವ್ಯವಸ್ಥೆ. ಕೆಟ್ಟರೆ ಎಲ್ಲಿ ಕೆಟ್ಟಿತೆಂದು ತಂತಿ ಹಿಡಿದು ಹೋಗಿ ಪತ್ತೆ ಮಾಡಬಹುದಿತ್ತು.

ಟಿವಿಗೆ ಜೋಡಿಸುವ ಕನ್ಸೋಲ್ ಎಂಬ ಯಂತ್ರಗಳ ಮೂಲಕ ಆಟ ಮನೆಗೆ ಬಂದಾಗ ತೊಡಕು ಶುರುವಾಯಿತು. ಗೇಮ್‌ಪ್ಯಾಡಿನ ಸಣ್ಣ ಕೇಬಲ್ಲಿನಲ್ಲಿ ಬಟನ್‌ಗೊಂದು ತಂತಿ ಎಳೆಯಲು ಜಾಗವಿಲ್ಲ. ಹಾಗಾಗಿ ನಿಂಟೆಂಡೊ ತನ್ನ ಮೊದಲ ಪ್ಯಾಡಿನೊಳಗೆ 4021 ಎಂಬ ಪುಟ್ಟ ಚಿಪ್ ಇಟ್ಟಿತು. ಎಂಟು ಬಟನ್‌ಗಳ ಸ್ಥಿತಿಯನ್ನು ಒಂದರ ಹಿಂದೊಂದರಂತೆ ಒಂದೇ ತಂತಿಯಲ್ಲಿ ಸಾಲಾಗಿ ಕಳಿಸುವುದು ಅದರ ಕೆಲಸ. 1992ರಲ್ಲಿ ಸ್ಟ್ರೀಟ್ ಫೈಟರ್ ಬಂದಿಳಿದ ಸೂಪರ್ ನಿಂಟೆಂಡೊದಲ್ಲಿ ಬಟನ್‌ಗಳು ಹನ್ನೆರಡಾದವು. ಆ ಆಟಕ್ಕಾಗಿಯೇ ಸೆಗಾ 1993ರಲ್ಲಿ ಆರು ಬಟನ್‌ಗಳ ಪ್ಯಾಡ್ ತಂದಿತು. ಪ್ಲೇಸ್ಟೇಷನ್ ಬೇರೊಂದು ರೀತಿಯಲ್ಲಿ ಮಾತನಾಡಿತು, ಡ್ರೀಮ್‌ಕಾಸ್ಟ್ ಇನ್ನೊಂದು ರೀತಿಯಲ್ಲಿ. ಲಿವರ್ ಎಲ್ಲ ಕಡೆಯೂ ಅದೇ, ಸ್ವಿಚ್ಚೂ ಅದೇ, ಆದರೆ ಕನ್ಸೋಲ್‌ಗೊಂದು ಭಾಷೆ. ಆ ಭಾಷೆಯನ್ನು ಬಲ್ಲ ದುಭಾಷಿ ಸಿಗುತ್ತಿದ್ದದ್ದು ಒಂದೇ ಕಡೆ, ಆಯಾ ಕನ್ಸೋಲ್‌ನ ಗೇಮ್‌ಪ್ಯಾಡಿನ ಒಳಗೆ. ಪ್ಯಾಡನ್ನು ಬಿಚ್ಚುವವರು ಹುಡುಕುವುದು ಈ ದುಭಾಷಿಯನ್ನು.

ಬಿಚ್ಚಿ ನೋಡಿದರೆ ಒಳಗೆ ರಬ್ಬರಿನ ಮೆತ್ತೆಗಳಿರುತ್ತವೆ. ಅವುಗಳ ತಳದಲ್ಲಿ ವಿದ್ಯುತ್ ಹರಿಯಬಲ್ಲ ಕಪ್ಪು ಗುಳಿಗೆ. ಬಟನ್ ಒತ್ತಿದಾಗ ಆ ಗುಳಿಗೆ ಬೋರ್ಡಿನ ಮೇಲಿನ, ಬೆರಳುಗಳನ್ನು ಹೆಣೆದಂತಿರುವ ಎರಡು ಕಪ್ಪು ಗೆರೆಗಳ ಮೇಲೆ ಕೂತು ಅವೆರಡನ್ನೂ ಕೂಡಿಸುತ್ತದೆ. ಪ್ಯಾಡ್ ಹ್ಯಾಕಿಂಗ್ ಎಂದರೆ ಆ ಗುಳಿಗೆಯ ಜಾಗದಲ್ಲಿ ಎರಡು ತಂತಿಗಳನ್ನು ತಂದು ನಿಲ್ಲಿಸುವುದು. ಕಪ್ಪು ಗೆರೆ ಇಂಗಾಲದ ಲೇಪ, ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಬ್ಲೇಡಿನ ತುದಿಯಿಂದ ಹಗುರವಾಗಿ ಕೆರೆದು, ತಾಮ್ರ ಹೊಳೆದ ಕೂಡಲೇ ಕೈ ತಡೆಯಬೇಕು. ಬೆಸುಗೆ ಹಿಡಿಯಲು ನೆರವಾಗುವ ಫ್ಲಕ್ಸ್ ಸವರಿ, ತಂತಿಯ ತುದಿಗೆ ಮೊದಲೇ ಸೀಸ ಹಿಡಿಸಿಟ್ಟುಕೊಂಡು, ಕಾವಿನ ಕಡ್ಡಿಯನ್ನು ಕ್ಷಣಮಾತ್ರ ತಾಗಿಸಿ ತೆಗೆಯಬೇಕು. ಹೆಚ್ಚು ಹೊತ್ತು ಇಟ್ಟರೆ ತಾಮ್ರದ ಹಾಳೆ ಬೋರ್ಡಿನಿಂದ ಎದ್ದು ಬರುತ್ತದೆ. ನನ್ನ ಮೊದಲ ಬೋರ್ಡಿನಲ್ಲಿ ಹಾಗೆಯೇ ಎದ್ದುಬಂತು. ಆ ಗೆರೆಯನ್ನೇ ಹಿಂಬಾಲಿಸಿ, ದೂರದ ಇನ್ನೊಂದು ಬಿಂದುವಿಗೆ ತಂತಿ ಹಾಕಿ ಉಳಿಸಿಕೊಳ್ಳುವಷ್ಟರಲ್ಲಿ ಆ ಬೋರ್ಡಿನ ನಕಾಶೆ ನನಗೆ ಬಾಯಿಪಾಠವಾಗಿತ್ತು. ಬೆಸುಗೆ ಮುಗಿದ ಮೇಲೆ ಬಿಸಿ ಅಂಟು ಹಾಕಿ ತಂತಿಗಳನ್ನು ಬೋರ್ಡಿಗೆ ಕಚ್ಚಿಸುವುದನ್ನು ಮರೆಯಬಾರದು, ಇಲ್ಲದಿದ್ದರೆ ಒಂದು ಎಳೆತಕ್ಕೆ ಅಷ್ಟೂ ಶ್ರಮ ಕಿತ್ತುಬರುತ್ತದೆ.

ಇದಕ್ಕಿಂತ ಮುಖ್ಯವಾದ ಪ್ರಶ್ನೆ ಒಂದಿದೆ, ಬೆಸುಗೆಗೆ ಕೈ ಹಾಕುವ ಮೊದಲೇ ಕೇಳಬೇಕಾದದ್ದು: ಎಲ್ಲ ಬಟನ್‌ಗಳ ಒಂದು ತುದಿ ಒಂದೇ ಗ್ರೌಂಡಿಗೆ ಹೋಗುತ್ತದೆಯೇ? ಮಲ್ಟಿಮೀಟರಿನ ಎರಡು ಮೊನೆಗಳನ್ನು ಇಟ್ಟು, ಬೀಪ್ ಸದ್ದು ಬರುತ್ತದೆಯೇ ನೋಡಿದರೆ ತಿಳಿಯುತ್ತದೆ. ಬಂದರೆ ಅದು ‘ಕಾಮನ್ ಗ್ರೌಂಡ್’ ಬೋರ್ಡು. ಒಂದೇ ಗ್ರೌಂಡ್ ತಂತಿಯನ್ನು ಎಲ್ಲ ಬಟನ್‌ಗಳಿಗೂ ಹೂ ಪೋಣಿಸಿದಂತೆ ಪೋಣಿಸಿಕೊಂಡು ಹೋಗಬಹುದು. ಇಲ್ಲವಾದರೆ ಬಟನ್‌ಗಳು ಅಡ್ಡಸಾಲು, ಉದ್ದಸಾಲುಗಳ ಮ್ಯಾಟ್ರಿಕ್ಸ್‌ನಲ್ಲಿವೆ ಎಂದರ್ಥ. ಅವುಗಳನ್ನು ಒಟ್ಟುಗೂಡಿಸಿದರೆ ಒಂದು ಬಟನ್ ಒತ್ತಿದಾಗ ನಾಲ್ಕು ಒತ್ತಿದಂತಾಗುತ್ತದೆ. ಜಪಾನಿನ ಸಾನ್ವಾ ಕಂಪನಿಯ ಜೆಎಲ್‌ಎಫ್ ಲಿವರ್‌ಗೆ ಇರುವುದು ಐದೇ ಪಿನ್, ನಾಲ್ಕು ದಿಕ್ಕಿಗೆ ನಾಲ್ಕು, ಎಲ್ಲಕ್ಕೂ ಸೇರಿ ಒಂದು ಗ್ರೌಂಡ್. ಮ್ಯಾಟ್ರಿಕ್ಸ್ ಬೋರ್ಡಿಗೆ ಅದು ಹೊಂದುವುದೇ ಇಲ್ಲ. ಬೆರಳಿನ ಒತ್ತಡವನ್ನು ಅಳೆಯುವ, ಪ್ಲೇಸ್ಟೇಷನ್ 2ರ ಡ್ಯುಯಲ್‌ಶಾಕ್ 2 ಪ್ಯಾಡನ್ನು ಬಿಟ್ಟು ಜನ ಹಳೆಯ ಪ್ಲೇಸ್ಟೇಷನ್‌ನ ಸರಳ ಡಿಜಿಟಲ್ ಪ್ಯಾಡನ್ನು ಹುಡುಕಿಕೊಂಡು ಹೋಗುತ್ತಿದ್ದದ್ದು ಇಂಥ ಕಾರಣಗಳಿಗೆ.

ಹವ್ಯಾಸವಾಗಿದ್ದದ್ದು ಅನಿವಾರ್ಯವಾದದ್ದು ಸ್ಪರ್ಧೆಗಳಿಂದ. ಇಂಥ ಹೊಡೆದಾಟದ ಆಟಗಳ ಅಮೆರಿಕದ ಇವೊ ಪಂದ್ಯಾವಳಿ 2004ರಲ್ಲಿ ಆರ್ಕೇಡ್ ಯಂತ್ರಗಳನ್ನು ಬಿಟ್ಟು ಕನ್ಸೋಲ್‌ಗಳಿಗೆ ಬದಲಾಯಿತು. ಜಪಾನಿನ ಆಟಗಾರ ಡೈಗೊ ಉಮೆಹರ, ಪರದೆಯ ಮೇಲಿನ ತಮ್ಮ ಪಾತ್ರಕ್ಕೆ ಕೂದಲೆಳೆಯಷ್ಟು ಪ್ರಾಣ ಉಳಿದಿದ್ದಾಗ ಎದುರಾಳಿ ಜಸ್ಟಿನ್ ವಾಂಗ್ ಅವರ ಹೊಡೆತಗಳ ಸರಮಾಲೆಯನ್ನು ಒಂದೊಂದಾಗಿ ತಡೆದು ಗೆದ್ದ ಪ್ರಸಿದ್ಧ ಕ್ಷಣ ಆ ವರ್ಷದ್ದೇ. ಅಲ್ಲಿಂದ ಮುಂದೆ ಆಟಗಾರನ ಲಿವರ್ ಆಟಗಾರನದೇ ಹೊಣೆಯಾಯಿತು, ಬ್ಯಾಡ್ಮಿಂಟನ್ ಆಡುವವರು ತಮ್ಮ ರ‍್ಯಾಕೆಟ್ ತಾವೇ ತರುವಂತೆ. 2009ರಲ್ಲಿ ಸ್ಟ್ರೀಟ್ ಫೈಟರ್ 4 ಕನ್ಸೋಲ್‌ಗೆ ಬಂದಾಗ ಮ್ಯಾಡ್ ಕ್ಯಾಟ್ಜ್ ಕಂಪನಿ ಸಾನ್ವಾ ಬಿಡಿಭಾಗಗಳಿದ್ದ ಸಿದ್ಧ ಸ್ಟಿಕ್ಕನ್ನು ಮಾರುಕಟ್ಟೆಗೆ ಬಿಟ್ಟಿತು. ಆದರೆ ಒಂದು ಸ್ಟಿಕ್ ಒಂದೇ ಕನ್ಸೋಲಿಗೆ.

ಇಲ್ಲಿಗೆ ಕಥೆಯ ದಿಕ್ಕು ಬದಲಾಗುತ್ತದೆ. 2006ರ ಪ್ಲೇಸ್ಟೇಷನ್ 3 ಸಾಮಾನ್ಯ ಯುಎಸ್‌ಬಿ ಭಾಷೆಯನ್ನು ಒಪ್ಪುತ್ತಿತ್ತು. ಹಾಗಾಗಿ ಹವ್ಯಾಸಿಗಳು ‘ಕ್ತುಲು’ವಿನಂಥ ಬೋರ್ಡುಗಳನ್ನು ತಾವೇ ರೂಪಿಸಿದರು. 2005ರ ಎಕ್ಸ್‌ಬಾಕ್ಸ್ 360 ಹಾಗಲ್ಲ. ತಂತಿಯಲ್ಲಿ ಬಂದ ಸಂಕೇತ ಸರಿಯಾಗಿದ್ದರೆ ಸಾಲದು, ಅದನ್ನು ಕಳಿಸಿದ ಬೋರ್ಡಿನಲ್ಲಿ ಮೈಕ್ರೋಸಾಫ್ಟ್ ಒಪ್ಪಿದ ಭದ್ರತಾ ಚಿಪ್ ಇರಬೇಕು. ಆ ಚಿಪ್ ಬೇಕೆಂದರೆ ಪ್ಯಾಡನ್ನು ಕೊಯ್ಯಲೇಬೇಕು. ಆ ಕಂಪನಿಯ ಆರಂಭದ ತಂತಿ ಪ್ಯಾಡ್ ಮ್ಯಾಟ್ರಿಕ್ಸ್ ಆಗಿತ್ತು, ಆಮೇಲಿನದು ಕಾಮನ್ ಗ್ರೌಂಡ್. ತೋರುಬೆರಳಿನ ಟ್ರಿಗರ್‌ಗಳೋ ಬಟನ್‌ಗಳೇ ಅಲ್ಲ, ವೋಲ್ಟೇಜನ್ನು ಏರಿಳಿಸುವ ಪೊಟೆನ್ಶಿಯೊಮೀಟರ್‌ಗಳು. ಅವುಗಳನ್ನು ಕಿತ್ತರೆ, ರೆಸಿಸ್ಟರ್ ಹಾಕಿ ವೋಲ್ಟೇಜನ್ನು ನೆಲೆಯಲ್ಲಿ ನಿಲ್ಲಿಸದ ಹೊರತು ಯಾರೂ ಮುಟ್ಟದೆಯೂ ಟ್ರಿಗರ್ ಒತ್ತಿದಂತೆ ಯಂತ್ರ ಓದುತ್ತದೆ. ಇಷ್ಟನ್ನೂ ದಾಟಿ ಜನ ಒಂದೇ ಪೆಟ್ಟಿಗೆಯಲ್ಲಿ ಎರಡು ಬೋರ್ಡು ಕೂರಿಸಿ, ಅದೇ ಬಟನ್‌ಗಳನ್ನು ಎರಡಕ್ಕೂ ಹಂಚಿ, ಒಂದು ಸ್ವಿಚ್ಚಿನಿಂದ ಕನ್ಸೋಲ್ ಬದಲಿಸುವ ಸ್ಟಿಕ್‌ಗಳನ್ನು ಕಟ್ಟಿದರು. ಅಂಥದೊಂದರ ಒಳಹೊಟ್ಟೆಯನ್ನು ನೋಡಿದರೆ ನನಗೆ ಇಂದಿಗೂ ಗೌರವ ಮೂಡುತ್ತದೆ.

ಬಾಗಿಲು ಮುಂದೆ ಇನ್ನಷ್ಟು ಬಿಗಿಯಾಯಿತು. ಪ್ಲೇಸ್ಟೇಷನ್ 4 ಪರವಾನಗಿ ಇಲ್ಲದ ನಿಯಂತ್ರಕವನ್ನು ಸುಮಾರು ಎಂಟು ನಿಮಿಷಕ್ಕೊಮ್ಮೆ ಕಡಿದುಹಾಕುತ್ತಿತ್ತು. ಸುತ್ತಿನ ನಡುವೆ ಕೈ ಕಟ್ಟಿದಂತೆ. 2023ರ ನವೆಂಬರ್‌ನಿಂದ ಮೈಕ್ರೋಸಾಫ್ಟ್ ಅನುಮತಿ ಇಲ್ಲದ ಸಲಕರಣೆಗಳನ್ನು ಎಕ್ಸ್‌ಬಾಕ್ಸ್‌ನಲ್ಲಿ ತಡೆಯತೊಡಗಿತು. ಮೋಸದ ಸಾಧನಗಳನ್ನು ತಡೆಯಬೇಕೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಆ ಜರಡಿಯಲ್ಲಿ ಮಣಿಕಟ್ಟಿನ ನೋವಿಗೆಂದು, ಬೆರಳಿಲ್ಲದ ಕೈಗೆಂದು ಯಾರೋ ಅಕ್ಕರೆಯಿಂದ ಮನೆಯಲ್ಲಿ ಕಟ್ಟಿಕೊಟ್ಟ ಪೆಟ್ಟಿಗೆಯೂ ಸಿಕ್ಕಿಕೊಳ್ಳುತ್ತದೆ. ಇದು ಅನ್ಯಾಯ.

2021ರಲ್ಲಿ 4 ಡಾಲರಿನ ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಬಂದ ಮೇಲೆ ಭಾಷೆಯ ಸಮಸ್ಯೆ ಬಹುಪಾಲು ತೀರಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲೂ ಸಿಗುವ ಆ ಬೋರ್ಡಿಗೆ ಜಿಪಿ2040-ಸಿಇ ಎಂಬ ಉಚಿತ ತಂತ್ರಾಂಶ ತುಂಬಿದರೆ ಅದು ಹಲವು ಕನ್ಸೋಲ್‌ಗಳ ಮಾತನ್ನು ಆಡುತ್ತದೆ. ಕೆರೆಯುವ ಕೆಲಸವಿಲ್ಲ, ಗ್ರೌಂಡಿನ ಚಿಂತೆಯಿಲ್ಲ. ಉಳಿದದ್ದು ‘ನೀನು ಯಾರು’ ಎಂಬ ಕನ್ಸೋಲ್‌ನ ಪ್ರಶ್ನೆ ಮಾತ್ರ. ಅದಕ್ಕೆ ಉತ್ತರಿಸಲು ಪಿಕೊಗೆ ಇನ್ನೊಂದು ಯುಎಸ್‌ಬಿ ಕಿಂಡಿ ಬೆಸೆದು, ಪರವಾನಗಿ ಇರುವ ಅಡಾಪ್ಟರನ್ನೋ ಪ್ಯಾಡನ್ನೋ ಅಲ್ಲಿಗೆ ಸಿಕ್ಕಿಸುತ್ತಾರೆ. ಕನ್ಸೋಲ್ ಕೇಳಿದ ಪ್ರಶ್ನೆಯನ್ನು ಪಿಕೊ ಅದಕ್ಕೆ ದಾಟಿಸುತ್ತದೆ, ಅದು ಕೊಟ್ಟ ಉತ್ತರವನ್ನು ಮರಳಿ ಕನ್ಸೋಲ್‌ಗೆ ಒಪ್ಪಿಸುತ್ತದೆ. ಗೇಮ್‌ಪ್ಯಾಡ್ ಹೀಗೆ ಮತ್ತೆ ಸ್ಟಿಕ್ಕಿನ ಜೊತೆ ಸೇರಿದೆ. ಈ ಬಾರಿ ಅದನ್ನು ಯಾರೂ ಕೊಯ್ದಿಲ್ಲ, ಅದರ ಒಂದು ಬಟನ್ನನ್ನೂ ಯಾರೂ ಒತ್ತುವುದಿಲ್ಲ.