ಬ್ಯಾಟರಿ ಉಲ್ಟಾ ತಾಗಿದ ಮೇಲೆ: ರಿಪೇರಿ ಮತ್ತು ರಕ್ಷಣೆ

9 ವೋಲ್ಟ್ ಬ್ಯಾಟರಿಯ ಕ್ಯಾಪು ಉಲ್ಟಾ ಕೂರುವುದಿಲ್ಲ, ನಿಜ. ಆದರೆ ಒತ್ತಿ ಕೂರಿಸುವ ಮೊದಲೇ ಅದರ ಗುಂಡಿಗಳು ತಾಗಿಬಿಡುತ್ತವೆ. ಸ್ವಿಚ್ ಆನ್ ಇದ್ದರೆ ಸರ್ಕ್ಯೂಟ್ ಹಾಳಾಗಲು ಅಷ್ಟೇ ಸಾಕು. ಪ್ರಾಕ್ಟಿಕಲ್‌ನಲ್ಲಿ ಕಟ್ಟುವ ಎಲ್‌ಎಂ386 ಐಸಿಯ (ಚಿಪ್ಪಿನ) ಆಂಪ್ಲಿಫೈಯರನ್ನೇ, ಅಂದರೆ ಸದ್ದು ದೊಡ್ಡದು ಮಾಡುವ ಸರ್ಕ್ಯೂಟನ್ನೇ ತೆಗೆದುಕೊಂಡು ನೋಡೋಣ.

ಇದರಲ್ಲಿ 6ನೇ ಪಿನ್ ಪ್ಲಸ್, 4ನೇ ಪಿನ್ ಗ್ರೌಂಡ್. ಐಸಿಯನ್ನು ತಯಾರಿಸುವ ರೀತಿಯಿಂದಲೇ ಗ್ರೌಂಡಿನಿಂದ ಪ್ಲಸ್ ಕಡೆಗೆ ಒಂದು ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಒಳಗೆ ಉಂಟಾಗಿರುತ್ತದೆ. ಬ್ಯಾಟರಿ ಸರಿಯಾಗಿದ್ದಾಗ ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಉಲ್ಟಾ ಆದಾಗ ಅದು ಹೆಚ್ಚುಕಡಿಮೆ ಶಾರ್ಟ್ ಇದ್ದ ಹಾಗೆ. ಆಗ ಕರೆಂಟಿಗೆ ತಡೆಯೆಂದರೆ ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ ಮಾತ್ರ. ಹಾಗಾಗಿ ತಾಗಿದ ಕೂಡಲೇ ತೆಗೆದರೆ ಐಸಿ ಉಳಿಯಬಹುದು, ಹಾಗೇ ಬಿಟ್ಟರೆ ಬಿಸಿಯಾಗಿ ಹೋಗುತ್ತದೆ. ಪ್ಲಸ್-ಮೈನಸ್ ಕಾಲುಗಳಿರುವ ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ತಲೆ ಉಬ್ಬಿದ್ದರೆ ಯೋಚಿಸದೆ ಬದಲಿಸಿ.

ಐಸಿ ಸತ್ತಿದೆಯೆಂದು ಊಹಿಸಿ ಕೀಳಬೇಡಿ, ಮೊದಲು ಅಳೆಯಿರಿ. ಬ್ಯಾಟರಿ ತೆಗೆದು, ಮೀಟರನ್ನು ಡಯೋಡ್ ಮೋಡಿಗೆ ಹಾಕಿ, ಕೆಂಪು ಪ್ರೋಬ್ 4ನೇ ಪಿನ್ನಿಗೆ, ಕಪ್ಪು 6ಕ್ಕೆ ಹಿಡಿಯಿರಿ. ಸುಮಾರು 0.5ರಿಂದ 0.7 ಬಂದರೆ ಆ ಒಳಗಿನ ಡಯೋಡ್ ಇನ್ನೂ ಇದೆ. ಪ್ರೋಬ್ ಅದಲುಬದಲು ಮಾಡಿದಾಗ ಸಂಖ್ಯೆ ಮೆಲ್ಲಗೆ ಏರುತ್ತಾ ಹೋದರೆ ಗಾಬರಿ ಬೇಡ, ಪ್ಲಸ್ ಮತ್ತು ಗ್ರೌಂಡ್ ನಡುವಿನ ಸಪ್ಲೈ ಕೆಪಾಸಿಟರ್ ಚಾರ್ಜ್ ಆಗುತ್ತಿದೆ. ಎರಡೂ ಕಡೆ ಸೊನ್ನೆ ಬಂದರೆ ಶಾರ್ಟ್ ಇದೆ. ಅದು ಐಸಿಯದೋ ಕೆಪಾಸಿಟರಿನದೋ ತಿಳಿಯಲು ಕೆಪಾಸಿಟರಿನ ಒಂದು ಕಾಲು ಎತ್ತಿ ಮತ್ತೆ ಅಳೆಯಿರಿ.

ಬದಲಿಸಿದ ಮೇಲೆ ನೇರ ಬ್ಯಾಟರಿ ಕೊಡಬೇಡಿ. 100 ಓಮ್, 1 ವಾಟ್ ರೆಸಿಸ್ಟರನ್ನು ಸರಣಿಯಲ್ಲಿ ಹಾಕಿ. ಶಾರ್ಟ್ ಉಳಿದಿದ್ದರೂ 90 ಮಿಲಿಆಂಪಿಯರ್ ಮೀರುವುದಿಲ್ಲ.

ಇನ್ನು ರಕ್ಷಣೆ. ಎಷ್ಟು ವೋಲ್ಟ್ ಬಿಟ್ಟುಕೊಡಬಹುದು ಎನ್ನುವುದರ ಮೇಲೆ ಆಯ್ಕೆ ನಿಂತಿದೆ. 9 ವೋಲ್ಟಿನಲ್ಲಿ, ಬ್ಯಾಟರಿಯ ಪ್ಲಸ್ ತಂತಿಗೆ ಸರಣಿಯಲ್ಲಿ ಹಾಕುವ 1ಎನ್‌4007 ಡಯೋಡ್ ತಿನ್ನುವ 0.7 ವೋಲ್ಟ್ ದೊಡ್ಡದಲ್ಲ, ಈ ಐಸಿ 4 ವೋಲ್ಟಿನಿಂದಲೇ ಕೆಲಸ ಮಾಡುತ್ತದೆ. 1ಎನ್‌5817 ಶಾಟ್ಕಿ ಡಯೋಡ್ ಹಾಕಿದರೆ ನಷ್ಟ ಇನ್ನೂ ಕಡಿಮೆ. ಎರಡು ಸೆಲ್ಲಿನ ಉಪಕರಣದಲ್ಲಿ ಮಾತ್ರ ಈ 0.7 ದುಬಾರಿ, ಅಲ್ಲಿ ಕಡಿಮೆ ಗೇಟ್ ವೋಲ್ಟೇಜಿನಲ್ಲೇ ಆನ್ ಆಗುವ ಪಿ-ಚಾನೆಲ್ ಮಾಸ್‌ಫೆಟ್ (ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಬೇಕು.

ಮಾಸ್‌ಫೆಟ್ ಜೋಡಿಸುವಾಗ ಬಹಳ ಜನ ಎಡವುತ್ತಾರೆ. ಅದರ ಮೂರು ಕಾಲುಗಳಲ್ಲಿ ಡ್ರೈನ್ ಬ್ಯಾಟರಿ ಪ್ಲಸ್‌ಗೆ, ಸೋರ್ಸ್ ಸರ್ಕ್ಯೂಟಿಗೆ, ಗೇಟ್ ಮೈನಸ್‌ಗೆ. ಮೊದಲು ಅದರ ಒಳಗಿನ ಡಯೋಡ್ ಮೂಲಕ ಕರೆಂಟ್ ಹರಿದು ಸೋರ್ಸ್ ಮೇಲೇರುತ್ತದೆ, ಆಮೇಲೆ ಮಾಸ್‌ಫೆಟ್ ಪೂರ್ತಿ ಆನ್ ಆಗುತ್ತದೆ. ಡ್ರೈನ್, ಸೋರ್ಸ್ ಅದಲುಬದಲಾದರೂ ಉಪಕರಣ ಚೆನ್ನಾಗಿಯೇ ಓಡುತ್ತದೆ, ಆದರೆ ಬ್ಯಾಟರಿ ಉಲ್ಟಾ ಆದ ದಿನ ಅದೇ ಡಯೋಡ್ ಕರೆಂಟನ್ನು ಒಳಗೆ ಬಿಟ್ಟುಬಿಡುತ್ತದೆ. ಅದಕ್ಕೇ ಕಡೆಗೊಮ್ಮೆ 100 ಓಮ್ ರೆಸಿಸ್ಟರಿನ ಮೂಲಕ ಬೇಕೆಂದೇ ಬ್ಯಾಟರಿ ಉಲ್ಟಾ ಕೊಟ್ಟು, ಸರ್ಕ್ಯೂಟಿನ ಪ್ಲಸ್-ಮೈನಸ್ ನಡುವೆ ಅಳೆಯಿರಿ. ಸೊನ್ನೆಯ ಆಸುಪಾಸು ಬರಬೇಕು.