ಬುಟ್ಟಿಗೆ ಹಣ್ಣು ಹಾಕಿದರೆ ಛೇದ ಯಾಕೆ ಬದಲಾಗುತ್ತೆ?

ಪ್ರಶ್ನೆ: ಸರ್, ಸಂಭವನೀಯತೆ ಲೆಕ್ಕದಲ್ಲಿ ಎಕ್ಸ್ ಬಂದರೆ ಸಾಕು, ಎಡವುತ್ತೇನೆ. ಸಮೀಕರಣ ಕೊಟ್ಟರೆ ಬಿಡಿಸುತ್ತೇನೆ, ನಾನೇ ಬರೆಯೋಕೆ ಹೋದರೆ ತಪ್ಪುತ್ತೆ. ಏನು ಮಾಡಲಿ?
– ಹತ್ತನೇ ತರಗತಿ ವಿದ್ಯಾರ್ಥಿನಿ, ಶ್ರೀನಿವಾಸಪುರ

ನೀನೊಬ್ಬಳೇ ಅಲ್ಲಮ್ಮ, ಜಾಸ್ತಿ ಮಕ್ಕಳು ಎಡವೋದು ಇಲ್ಲೇ. ನಿಮ್ಮೂರು ಮಾವಿನ ಊರು, ಲೆಕ್ಕವೂ ಮಾವಿನದ್ದೇ ಇರಲಿ.

ಬುಟ್ಟಿಯಲ್ಲಿ 20 ಹಣ್ಣಿವೆ. ಕೆಲವು ಬಾದಾಮಿ, ಮಿಕ್ಕಿದ್ದು ತೋತಾಪುರಿ. ಇನ್ನೂ 10 ಬಾದಾಮಿ ಹಾಕಿದರೆ, ನೋಡದೆ ತೆಗೆದ ಹಣ್ಣು ಬಾದಾಮಿಯಾಗುವ ಸಂಭವನೀಯತೆ ಮೊದಲಿನ ಎರಡರಷ್ಟಾಗುತ್ತದೆ. ಮೊದಲು ಬಾದಾಮಿ ಎಷ್ಟಿತ್ತು?

ಗೊತ್ತಿಲ್ಲದ್ದಕ್ಕೆ ‘ಬ’ ಅನ್ನೋಣ. ಪರೀಕ್ಷೆಯಲ್ಲಿ ಎಕ್ಸ್ ಅಂತಲೇ ಬರಿ.

ಸಮೀಕರಣಕ್ಕೆ ಕೈ ಹಾಕುವ ಮೊದಲು ಎರಡು ಸಾಲು ಬರೆದುಕೋ. ಹಾಕುವ ಮೊದಲು: ಬ/20. ಹಾಕಿದ ಮೇಲೆ: (ಬ + 10)/30. ಆ 30 ನೋಡಿದೆಯಾ? ಹೊಸ 10 ಹಣ್ಣು ಬಾದಾಮಿಯ ಲೆಕ್ಕಕ್ಕೂ ಸೇರಿತು, ಒಟ್ಟು ಲೆಕ್ಕಕ್ಕೂ ಸೇರಿತು. ಮೇಲೆ ಕೂಡಿಸಿ ಕೆಳಗೆ ಮರೆತರೆ ಕೆಟ್ಟಿತು.

ಎರಡನೆಯದು ಮೊದಲನೆಯದರ ಎರಡರಷ್ಟು. ಹಾಗಾಗಿ
(ಬ + 10)/30 = 2ಬ/20
ಬಲಗಡೆ ಸುಲಭ ಮಾಡಿದರೆ ಬ/10. ಎರಡೂ ಕಡೆ 30ರಿಂದ ಗುಣಿಸು:
ಬ + 10 = 3ಬ
2ಬ = 10, ಬ = 5.

ತಾಳೆ ನೋಡು. ಮೊದಲು 5/20, ಅಂದರೆ 1/4. ಆಮೇಲೆ 15/30, ಅಂದರೆ 1/2. ಸರಿಹೋಯಿತು.

ಈಗ ಬೇಕಂತಲೇ ತಪ್ಪು ಮಾಡೋಣ. ಛೇದ 20 ಆಗಿಯೇ ಬಿಟ್ಟರೆ ಬ + 10 = 2ಬ, ಉತ್ತರ 10. ನೋಡೋಕೆ ಚೆನ್ನಾಗಿಯೇ ಇದೆ, ಅಲ್ವಾ? ಆದರೆ ಮೊದಲಿನ ಸಂಭವನೀಯತೆ 10/20, ಅದರ ಎರಡರಷ್ಟು 1. ಅಂದರೆ ಕೈಗೆ ಬರೋದು ಬಾದಾಮಿಯೇ, ಬೇರೆ ಮಾತೇ ಇಲ್ಲ. ಹಾಗಾದರೆ ಬುಟ್ಟಿಯಲ್ಲಿ ಕೂತಿರುವ 10 ತೋತಾಪುರಿ ಎಲ್ಲಿ ಹೋದವು? ಇನ್ನು ಆ 2 ಅನ್ನು ತಪ್ಪು ಬದಿಗೆ ಹಾಕಿದರೆ ಉತ್ತರ −40 ಬರುತ್ತೆ. ಮೈನಸ್ ಮಾವನ್ನು ಯಾವ ಮಂಡಿಯಲ್ಲೂ ಮಾರಲ್ಲ.

ಒಂದು ತರಲೆ ಮಾತು. ನಿಜವಾದ ಬುಟ್ಟಿಯಲ್ಲಿ ಈ ಲೆಕ್ಕ ನಡೆಯಲ್ಲ. ಪ್ರತಿ ಹಣ್ಣಿಗೂ ಸಮ ಅವಕಾಶ ಇರಬೇಕು ತಾನೇ? ತೋತಾಪುರಿಗೆ ಗಿಣಿಮೂತಿ ಅನ್ನೋ ಹೆಸರು ಸುಮ್ನೆ ಬಂದಿಲ್ಲ, ಕಣ್ಣು ಮುಚ್ಚಿದ್ದರೂ ಆ ಚೂಪು ತುದಿ ಬೆರಳಿಗೆ ಗೊತ್ತಾಗಿಬಿಡುತ್ತೆ. ಪುಸ್ತಕದವರು ಚೆಂಡು, ಗೋಲಿ ಬಿಟ್ಟು ಆಚೆ ಬರದಿರೋದು ಅದಕ್ಕೇ ಇರಬೇಕು.