ಕಾಲು ಸೆಳೆತದ ಗುಳಿಗೆ, ಬಿಗಿದ ಕಾಲುಂಗುರ

ಬ್ಯಾಡಗಿಯಲ್ಲಿರುವ ನಮ್ಮ ಸೋದರತ್ತೆಗೆ ಅರವತ್ತೆಂಟು ವರ್ಷ. ಹರೆಯದಿಂದಲೂ ಕುಕ್ಕರಗಾಲಿನಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿದವಳು. ಹೋದ ಬೇಸಿಗೆಯಲ್ಲಿ ನಡುರಾತ್ರಿ ಚೀರಿ ಎದ್ದು ಕೂಡತೊಡಗಿದಳು. "ಮೀನಖಂಡ ಕಲ್ಲಾಗತೈತವಾ, ಒಳಗಿಂದ ಯಾರೋ ಹಗ್ಗಾ ಹಾಕಿ ಜಗ್ಗಿದಂಗ" ಎನ್ನುತ್ತಿದ್ದಳು. ವೈದ್ಯರೊಬ್ಬರು ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮತ್ತು ಬಿ12 ಜೀವಸತ್ವದ ಒಂದು ರೂಪವಾದ ಮೀಥೈಲ್‌ಕೊಬಾಲಮಿನ್ ಕೂಡಿದ ಗುಳಿಗೆ ಬರೆದುಕೊಟ್ಟರು. ಮನೆಯಲ್ಲಿ ಅದಕ್ಕೆ "ನರದ ಗುಳಿಗಿ" ಎಂದೇ ಹೆಸರಾಯಿತು.

ಮೂರು ವಾರ ಕಳೆದು ನಾನು ಹೋದಾಗ ಅವಳ ಕಾಲುಂಗುರಗಳು ದೇವರ ಜಗಲಿಯ ಮೇಲಿದ್ದವು. ಪಾದ ಬಾತು, ಬೆಳ್ಳಿ ಬೆರಳಿಗೆ ಕಚ್ಚಿ, ಸಾಬೂನು ಹಚ್ಚಿ ತೆಗೆಯಬೇಕಾಯಿತಂತೆ. ಮಾವ ಎದುರಿಗಿರುವಾಗ ಕಾಲುಂಗುರ ತೆಗೆದಿಡುವುದು ಅವಳಿಗೆ ಎಷ್ಟು ಸಂಕಟವಾಗಿರಬೇಕು ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು ನಡೆಯುತ್ತಿದ್ದಳು. "ತಲಿ ಗಿಮ್ ಅಂತೈತಿ" ಎಂದಳು. ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು.

ವಯಸ್ಸಲ್ಲ, ಗುಳಿಗೆ. ಪ್ರಿಗ್ಯಾಬಲಿನ್‌ನ ಅಡ್ಡಪರಿಣಾಮಗಳಲ್ಲಿ ತಲೆಸುತ್ತು ಮತ್ತು ತೂಕಡಿಕೆಯೇ ಮೊದಲು ಬರುತ್ತವೆ. ಪಾದ ಬಾವು, ತೂಕ ಏರುವುದು ಆಮೇಲಿನವು. ಈ ಔಷಧವನ್ನು ದೇಹ ಹೆಚ್ಚುಕಡಿಮೆ ಒಡೆಯುವುದೇ ಇಲ್ಲ, ಇದ್ದ ಹಾಗೆಯೇ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ವಯಸ್ಸಾದವರ ಮೂತ್ರಪಿಂಡ ನಿಧಾನವಾಗಿರುವುದರಿಂದ, ಹರೆಯದವರಿಗೆ ಸರಿಹೋಗುವ ಪ್ರಮಾಣ ಅವರ ರಕ್ತದಲ್ಲಿ ಹೆಚ್ಚಾಗಿ ನಿಲ್ಲುತ್ತದೆ. ಸಕ್ಕರೆ ಕಾಯಿಲೆಯಿಂದ ನರ ಕೆಟ್ಟು ಪಾದ ಉರಿಯುವವರಿಗೆ ಇದು ಒಳ್ಳೆಯ ಔಷಧ. ರಾತ್ರಿ ಬರುವ ಸಾದಾ ಸೆಳೆತಕ್ಕೆ ಇದರಿಂದ ಉಪಯೋಗವಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಅರವತ್ತೆಂಟರ ಹೆಣ್ಣುಮಗಳು ಬಚ್ಚಲಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರೆ, ಸೆಳೆತಕ್ಕೆಂದು ಕೊಟ್ಟ ಗುಳಿಗೆ ಅವಳ ನಡೆದಾಟವನ್ನೇ ಕಸಿದುಕೊಂಡಂತೆ. ಹಾಗಂತ ಈ ಗುಳಿಗೆಯನ್ನು ಒಮ್ಮೆಲೆ ಬಿಡಲೂಬಾರದು. ವೈದ್ಯರು ಹೇಳಿದಂತೆ ದಿನ ದಿನಕ್ಕೆ ಇಳಿಸುತ್ತ ಬಿಡಬೇಕು.

ಸೆಳೆತ ಎಂದರೆ ಏನು? ಮಲಗಿದಾಗ ಪಾದ ತಾನಾಗಿ ಕೆಳಮುಖವಾಗಿ ಬಾಗುತ್ತದೆ, ಮೀನಖಂಡ ಮೊದಲೇ ಮುದುಡಿಕೊಂಡಿರುತ್ತದೆ. ಆ ಸ್ಥಿತಿಯಲ್ಲಿ ಸ್ನಾಯುವಿಗೆ ಹೋಗುವ ನರದ ತುದಿಗಳು ಕಾರಣವಿಲ್ಲದೆ ಒಂದೇ ಸಮನೆ ಸಂಕೇತ ಕಳಿಸತೊಡಗಿದರೆ, ಮುದುಡಿದ ಸ್ನಾಯು ಇನ್ನಷ್ಟು ಮುದುಡಿ ಗಂಟಾಗುತ್ತದೆ. ಪ್ರಾಣ ಹೋದಷ್ಟು ನೋವಾದರೂ ಬಹುತೇಕ ಅದರಿಂದ ಅಪಾಯವಿಲ್ಲ. ಅಪಾಯವಿಲ್ಲದ ತೊಂದರೆಗೆ ಕೊಡುವ ಔಷಧವೂ ಅಪಾಯವಿಲ್ಲದ್ದೇ ಆಗಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇದಕ್ಕೆ ಕ್ವಿನೈನ್‌ನ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಕ್ವಿನೈನ್ ಹೆಸರು ಹೇಳಿದರೆ ಹಳಬರಿಗೆ ಚಳಿಜ್ವರ ಮತ್ತು ಕಹಿ ಎರಡೂ ಒಟ್ಟಿಗೇ ನೆನಪಾಗುತ್ತವೆ. ಸಿಂಕೋನಾ ಮರದ ತೊಗಟೆಯಿಂದ ಅದನ್ನು ಬೇರ್ಪಡಿಸಿದವರು ಫ್ರಾನ್ಸಿನ ಪೆಲೆಟಿಯೆ ಮತ್ತು ಕಾವಾಂಟು, 1820ರಲ್ಲಿ. ಮಲೇರಿಯಾದಿಂದ ಲೆಕ್ಕವಿಲ್ಲದಷ್ಟು ಜೀವ ಉಳಿಸಿದ ಈ ಔಷಧವನ್ನು 1940ರ ಹೊತ್ತಿಗೆ ಕಾಲು ಸೆಳೆತಕ್ಕೂ ಕೊಡತೊಡಗಿದರು. ಒಮ್ಮೆ ಸಂಕುಚಿಸಿದ ಸ್ನಾಯು ಮತ್ತೆ ಸಂಕುಚಿಸಲು ಬೇಕಾದ ಬಿಡುವನ್ನು ಕ್ವಿನೈನ್ ಉದ್ದ ಮಾಡುತ್ತದೆ, ನರದ ಸಂಕೇತಕ್ಕೆ ಸ್ನಾಯು ಸ್ಪಂದಿಸುವುದನ್ನು ತಗ್ಗಿಸುತ್ತದೆ. ಎಲ್ಲ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದ ಕೊಕ್ರೇನ್ ವಿಮರ್ಶೆಯ ಪ್ರಕಾರ, ಎರಡು ವಾರದಲ್ಲಿ ಸೆಳೆತಗಳ ಸಂಖ್ಯೆ ಶೇ. 28ರಷ್ಟು, ತೀವ್ರತೆ ಶೇ. 10ರಷ್ಟು ಇಳಿಯುತ್ತದೆ. ಒಮ್ಮೆ ಹಿಡಿದ ಸೆಳೆತ ಎಷ್ಟು ಹೊತ್ತು ಇರುತ್ತದೆ ಎಂಬುದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಇಷ್ಟು ಲಾಭಕ್ಕೆ ತೆರುವುದೇನು? ಮೀನಖಂಡ ಎಲ್ಲಿ, ಹೃದಯ ಎಲ್ಲಿ ಎಂದು ಕ್ವಿನೈನ್‌ಗೆ ಗೊತ್ತಾಗುವುದಿಲ್ಲ. ಹೃದಯದ ಸ್ನಾಯುವಿನಲ್ಲೂ ವಿದ್ಯುತ್ ಲಯವನ್ನು ಬದಲಿಸಿ ಬಡಿತ ತಪ್ಪಿಸಬಲ್ಲದು. ಮೇದೋಜೀರಕದಿಂದ ಇನ್ಸುಲಿನ್ ಹೆಚ್ಚಿಗೆ ಹೊರಡಿಸಿ ಸಕ್ಕರೆ ಇಳಿಸಬಲ್ಲದು. ಕಿವಿಯಲ್ಲಿ ಗುಂಯ್‌ಗುಡುವುದು, ಕಣ್ಣು ಮಂಜಾಗುವುದು, ವಾಕರಿಕೆ ಇವೆಲ್ಲ ಹಳೆಯ ಪರಿಚಯದವೇ. ಪ್ರಮಾಣ ಮೀರಿದರೆ ದೃಷ್ಟಿಯೇ ಹೋಗಬಹುದು.

ಎಲ್ಲಕ್ಕಿಂತ ಭಯದ್ದು ರಕ್ತದಲ್ಲಿ ನಡೆಯುತ್ತದೆ. ಡೆಂಗಿಯ ದೆಸೆಯಿಂದ ಪ್ಲೇಟ್‌ಲೆಟ್ ಎಂಬ ಶಬ್ದ ಹುಬ್ಬಳ್ಳಿಯಿಂದ ಹಾನಗಲ್ಲಿನವರೆಗೆ ಎಲ್ಲರ ಬಾಯಲ್ಲೂ ಇದೆ. ಮೈಕ್ರೊಲೀಟರಿಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರಬೇಕಾದ, ರಕ್ತ ಹೆಪ್ಪುಗಟ್ಟಿಸುವ ಈ ಕಣಗಳ ಮೇಲೆ, ಕೆಲವರ ದೇಹದಲ್ಲಿ ವಿಚಿತ್ರ ಪ್ರತಿಕಾಯವೊಂದು (ರೋಗಾಣುಗಳ ವಿರುದ್ಧ ದೇಹವೇ ತಯಾರಿಸುವಂಥ ವಸ್ತು) ತಿರುಗಿಬೀಳುತ್ತದೆ. ಕ್ವಿನೈನ್ ಇಲ್ಲದಾಗ ಅದು ಪ್ಲೇಟ್‌ಲೆಟ್ಟಿನ ತಂಟೆಗೆ ಹೋಗುವುದಿಲ್ಲ. ಕ್ವಿನೈನ್ ರಕ್ತಕ್ಕೆ ಬಂದ ಕೂಡಲೇ ಅಂಟಿಕೊಂಡು ಕಣಗಳನ್ನು ನಾಶಮಾಡಿಸುತ್ತದೆ. ಲಕ್ಷದ ಲೆಕ್ಕ ಕೆಲವೇ ಸಾವಿರಕ್ಕೆ ಕುಸಿಯುತ್ತದೆ. ಕಣಕಾಲಿನ ಮೇಲೆ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಚುಕ್ಕೆ, ಬಾಯೊಳಗೆ ರಕ್ತದ ಬೊಬ್ಬೆ, ಒಸಡಿನಲ್ಲಿ ರಕ್ತ. ಒಮ್ಮೆ ಹೀಗಾದವರಿಗೆ ಕ್ವಿನೈನ್ ಬೆರೆತ ಟಾನಿಕ್ ವಾಟರ್ ಒಂದು ಲೋಟ ಸಾಕು, ಮತ್ತೆ ಮರುಕಳಿಸುತ್ತದೆ. ಇದು ಅಪರೂಪ, ನಿಜ. ಆದರೆ ಯಾರಿಗೆ ಆಗುತ್ತದೆ ಎಂದು ಮೊದಲೇ ಹೇಳುವ ದಾರಿಯಿಲ್ಲ.

ಅಮೆರಿಕದ ಔಷಧ ನಿಯಂತ್ರಕರು 2006ರಲ್ಲಿ ಕೊಟ್ಟ ಲೆಕ್ಕದಂತೆ, 1969ರಿಂದ ಅಲ್ಲಿಯವರೆಗೆ ಕ್ವಿನೈನ್‌ಗೆ ಸಂಬಂಧಿಸಿದ ಗಂಭೀರ ವರದಿಗಳು 665, ಸಾವುಗಳು 93. ಸೆಳೆತಕ್ಕೆ ಇದನ್ನು ಕೊಡಬೇಡಿ ಎಂದು ಅಲ್ಲಿ ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಬ್ರಿಟನ್ನಿನಲ್ಲಿ ಬೇರೆ ಉಪಾಯ ಫಲಿಸದಿದ್ದಾಗ ಮಾತ್ರ, ಅದೂ ನಡುನಡುವೆ ನಿಲ್ಲಿಸಿ ನೋಡುತ್ತ ಕೊಡುತ್ತಾರೆ. ಯಾರಾದರೂ ಹಳೆಯ ಚೀಟಿ ತೋರಿಸಿ ಅಂಗಡಿಯಲ್ಲಿ ತಂದುಕೊಳ್ಳುವ ಔಷಧ ಇದಲ್ಲವೇ ಅಲ್ಲ.

ಮೆಗ್ನೀಶಿಯಂ ಗುಳಿಗೆಯಿಂದ ವಯಸ್ಸಾದವರ ಸೆಳೆತಕ್ಕೆ ಹೇಳಿಕೊಳ್ಳುವ ಉಪಯೋಗ ಕಂಡಿಲ್ಲ. ಹೊಟ್ಟೆ ಸಡಿಲಾಗಬಹುದು, ಮೂತ್ರಪಿಂಡ ಕೆಟ್ಟವರಿಗೆ ಅದು ಮೈಯಲ್ಲಿ ಸೇರಿಕೊಂಡು ಅಪಾಯವಾಗಬಹುದು.

ಅತ್ತೆಯ ಮನೆಗೆ ಮರಳೋಣ. ಬಾವು ಇಳಿಸಲು ಮೂತ್ರ ಹೆಚ್ಚಿಸುವ ಇನ್ನೊಂದು ಗುಳಿಗೆ ಕೇಳಿ ತರುವ ಮಾತು ನಡೆದಿತ್ತು. ಆಗ ಅವಳ ಗುಳಿಗೆಗಳನ್ನೆಲ್ಲ ಮೊರದಲ್ಲಿ ಸುರುವಿಕೊಂಡು ಕೂತೆವು. ಬಿಪಿ ಗುಳಿಗೆಯ ಹೆಸರಿನ ಕೊನೆಗೆ ಒಂದು ಎಚ್ ಅಕ್ಷರವಿತ್ತು. ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ ಅದರ ಕೆಳಗೆ ಬರೆದಿತ್ತು: ಹೈಡ್ರೊಕ್ಲೋರೊಥಯಾಜೈಡ್. ಅದೂ ಮೂತ್ರ ಹೆಚ್ಚಿಸುವ ಔಷಧವೇ. ಅದರಿಂದ ಸೋಡಿಯಂ, ಪೊಟ್ಯಾಶಿಯಂ ಕಳೆದುಹೋಗುತ್ತವೆ, ಕೆಲವರಿಗೆ ಕಾಲು ಸೆಳೆಯುತ್ತದೆ. ಆ ಗುಳಿಗೆ ಶುರುವಾದದ್ದು ಯುಗಾದಿಯ ಹೊತ್ತಿಗೆ, ಸೆಳೆತ ಶುರುವಾದದ್ದು ಅದಾಗಿ ಹದಿನೈದು ದಿನಕ್ಕೆ. ಒಂದು ಗುಳಿಗೆ ಸೆಳೆತ ತಂದಿತ್ತು, ಸೆಳೆತಕ್ಕೆ ಕೊಟ್ಟ ಗುಳಿಗೆ ಬಾವು ತಂದಿತ್ತು, ಬಾವಿಗೆ ತರಲಿದ್ದ ಗುಳಿಗೆ ಮತ್ತೆ ಸೆಳೆತವನ್ನೇ ತರಬಹುದಿತ್ತು. ಕೊಬ್ಬು ಇಳಿಸುವ ಸ್ಟ್ಯಾಟಿನ್, ದಮ್ಮಿಗೆ ಬಳಸುವ ಕೆಲವು ಪಂಪುಗಳ ಔಷಧಕ್ಕೂ ಸೆಳೆತದ ನಂಟಿದೆ.

ಎಲ್ಲ ಗುಳಿಗೆಗಳನ್ನೂ ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಯಲ್ಲಿ ಬೇರೊಬ್ಬ ವೈದ್ಯರಿಗೆ ತೋರಿಸಿದೆವು. ಸೋಡಿಯಂ, ಪೊಟ್ಯಾಶಿಯಂ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆ ಬರೆದರು, ಬಿಪಿ ಗುಳಿಗೆ ಬದಲಿಸಿದರು, ನರದ ಗುಳಿಗೆಯನ್ನು ಹಂತಹಂತವಾಗಿ ಇಳಿಸಿದರು. ನಡೆದರೆ ಹಿಡಿದು ನಿಂತರೆ ಬಿಡುವ ನೋವು ರಕ್ತನಾಳ ಕಟ್ಟಿದ್ದರಿಂದ ಇರಬಹುದು, ಒಂದೇ ಕಾಲು ಬಾತು ನೋಯುವುದು ರಕ್ತ ಹೆಪ್ಪುಗಟ್ಟಿದ್ದರಿಂದ ಇರಬಹುದು, ಅವನ್ನು ಸೆಳೆತ ಎಂದುಕೊಂಡು ಸುಮ್ಮನೆ ಕೂಡಬಾರದು ಎಂದೂ ಹೇಳಿದರು. ಔಷಧದಿಂದ ತೊಂದರೆಯಾದರೆ ನಾವೇ ತಿಳಿಸಬಹುದಾದ ಸರಕಾರದ ಸಹಾಯವಾಣಿ 1800-180-3024 ಇದೆಯೆಂಬುದು ನನಗೆ ಗೊತ್ತಾದದ್ದು ಅದೇ ದಿನ.

ಈಗ ಅವಳು ಮಲಗುವ ಮುಂಚೆ ಪಡಸಾಲೆಯ ಗೋಡೆಗೆ ಎರಡೂ ಅಂಗೈ ಊರಿ, ಹಿಮ್ಮಡಿ ನೆಲಕ್ಕೆ ಒತ್ತಿ, ಮೀನಖಂಡ ಜಗ್ಗುವವರೆಗೆ ಮುಂದಕ್ಕೆ ಬಾಗಿ ನಿಲ್ಲುತ್ತಾಳೆ. ನೆದರ್ಲ್ಯಾಂಡ್ಸ್‌ನಲ್ಲಿ 55 ದಾಟಿದ 80 ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಲಗುವ ಮುಂಚೆ ಹೀಗೆ ಸ್ನಾಯು ಚಾಚಿದವರಿಗೆ ಸೆಳೆತ ಕಡಿಮೆಯಾಗಿತ್ತು. ಅವಳಿಗೂ ಪೂರ್ತಿ ನಿಂತಿಲ್ಲ. ಬಂದಾಗ ಹೆಬ್ಬೆರಳು ಹಿಡಿದು ಪಾದವನ್ನು ಮೊಣಕಾಲ ಕಡೆ ಜಗ್ಗುತ್ತಾಳೆ, ಮಾವ ಎದ್ದು ದೀಪ ಹಾಕುತ್ತಾರೆ, ಗಂಟು ಬಿಡುತ್ತದೆ. ಶ್ರಾವಣದ ಮೊದಲ ಸೋಮವಾರ ಫೋನು ಮಾಡಿ, ಕಾಲುಂಗುರ ಸಲೀಸಾಗಿ ಏರಿದವು ಎಂದಳು.